ಗಂಡು ಬಾಣಂತಿಯ ಕಲ್ಲುಗಳು

ನಮ್ಮ ಮನೆಯ ಶೋಕೇಸಿನಲ್ಲಿ, ಮಗಳು ಓಟದ ಸ್ಪರ್ಧೆಯಲ್ಲಿ ಗೆದ್ದ ಕಪ್ಪಿಗೂ ಯಾರದೋ ಮದುವೆಯಲ್ಲಿ ನಮಗೆ ಬಂದ ನಡೆಯದ ಗಡಿಯಾರಕ್ಕೂ ನಡುವೆ ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿ ಇದೆ. ಅದರೊಳಗೆ ನನ್ನ ಪಿತ್ತಕೋಶದಿಂದ ಹೊರಬಂದ ಕಲ್ಲುಗಳಿವೆ. ಈ ಸಲದ ದೀಪಾವಳಿಗೆ ಧೂಳು ಹೊಡೆಯುವಾಗ ನನ್ನ ಹೆಂಡತಿ ನೀಲಮ್ಮ ಅದನ್ನು ಎರಡೇ ಬೆರಳಿನಿಂದ ಎತ್ತಿ ಹಿಡಿದು, ಇದನ್ನು ಇನ್ನೂ ಎಷ್ಟು ವರ್ಷ ಪೂಜೆ ಮಾಡಬೇಕು ಎಂದು ಕೇಳಿದಳು. ನಾನು ಅವ್ವನ ಕಡೆ ಕೈ ತೋರಿಸಿದೆ. ಕಲ್ಲು ನನ್ನವಾದರೂ ಬಾಟಲಿ ಅವ್ವನದು. ಅವಳ ಒಪ್ಪಿಗೆಯಿಲ್ಲದೆ ಅದು ಅಲ್ಲಿಂದ ಅಲುಗಾಡುವಂತಿಲ್ಲ.

ಊಟದ ಹೊತ್ತಿನಲ್ಲಿ ಇದೆಂಥ ಮಾತು ಎಂದು ನಿಮಗೆ ಅನ್ನಿಸಿದ್ದರೆ ನೀವು ನಮ್ಮ ಮುದ್ದೇಬಿಹಾಳದವರಲ್ಲ. ನಮ್ಮ ಕಡೆ ಕಲ್ಲೆಂದರೆ ಯಾರಿಗೂ ಹೇಸಿಗೆಯಿಲ್ಲ. ಮನೆಯ ನೆಲಕ್ಕೆ ಫರಸಿ ಕಲ್ಲು, ಕಟ್ಟೆಗೆ ಕಲ್ಲು, ಹೊಲದ ಬದುವಿಗೆ ಕಲ್ಲು. ಬೋರಿನ ನೀರು ಕಾಸಿದರೆ ಪಾತ್ರೆಯ ತಳಕ್ಕೆ ಸುಣ್ಣದಂಥ ಬಿಳಿ ಕಲ್ಲು ಹಿಡಿಯುತ್ತದೆ. ಸುತ್ತ ಇಷ್ಟೆಲ್ಲ ಕಲ್ಲಿಟ್ಟುಕೊಂಡು ಬದುಕುವ ಜನ ಹೊಟ್ಟೆಯೊಳಗೂ ಒಂದೆರಡು ಇಟ್ಟುಕೊಂಡರೆ ಅದರಲ್ಲಿ ಅಚ್ಚರಿಯೇನಿದೆ. ಮೂತ್ರಪಿಂಡದ ಕಲ್ಲು ಇಲ್ಲಿ ನೆಗಡಿಯ ಹಾಗೆ. ಒಬ್ಬರ ಮನೆಗೆ ಚಹಕ್ಕೆ ಹೋದರೆ ಮೊದಲು ಮಳೆಯ ಮಾತು, ಆಮೇಲೆ ತೊಗರಿಯ ಧಾರಣೆ, ಮೂರನೆಯದು ಅವರವರ ಕಲ್ಲು.

ಈ ವಿಷಯದಲ್ಲಿ ನಮ್ಮ ಓಣಿಯ ಹಿರಿಯರು ಎದುರು ಮನೆಯ ಲಾಲೇಸಾಬ ಕಾಕಾ. ಮಾರ್ಕೆಟ್ ಯಾರ್ಡಿನಲ್ಲಿ ಕಾಳುಕಡಿಯ ವ್ಯಾಪಾರ ಮಾಡಿ ಈಗ ಅಂಗಡಿಯನ್ನು ಮಕ್ಕಳಿಗೆ ಬಿಟ್ಟಿದ್ದಾರೆ. ಅವರು ಎಂದೋ ಒಂದು ಕಾಲದಲ್ಲಿ ತಮ್ಮ ದೇಹದಿಂದ ತಾನಾಗಿಯೇ ಇಳಿದುಬಂದ ಕಲ್ಲನ್ನು ಹೋಮಿಯೋಪಥಿ ಗುಳಿಗೆಯ ಸೀಸೆಯಲ್ಲಿ ಹತ್ತಿಯ ಹಾಸಿಗೆ ಮಾಡಿ ಮಲಗಿಸಿದ್ದಾರೆ. ಸೀಸೆ ಸದಾ ಜುಬ್ಬಾದ ಕಿಸೆಯಲ್ಲಿರುತ್ತದೆ. ಅದು ಹೊರಬಿದ್ದ ಕಥೆಯನ್ನು ಅವರ ಬಾಯಲ್ಲೇ ಕೇಳಬೇಕು. ಪ್ರತಿ ಸಲ ಹೇಳುವಾಗಲೂ ಕಲ್ಲು ಅಷ್ಟೇ ಇರುತ್ತದೆ, ನೋವು ಮಾತ್ರ ಬೆಳೆಯುತ್ತ ಹೋಗುತ್ತದೆ.

ನನ್ನ ಕಲ್ಲು ಆ ಜಾತಿಯದಲ್ಲ. ಅದನ್ನು ಹೇಳುವ ಮೊದಲು ನನ್ನ ಮೈಯಲ್ಲಿ ಅದಕ್ಕಿಂತ ಹಿಂದೆಯೇ ಬಿಡಾರ ಹೂಡಿದ್ದ ಹಿರಿಯ ಬಾಡಿಗೆದಾರನ ಪರಿಚಯ ಮಾಡಿಕೊಡಬೇಕು. ಅದರ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ಕರೆಯುವ ಹೆಸರು ಎಂ.ಎಸ್. ನಮ್ಮ ದೇಹವನ್ನು ಕಾಯಬೇಕಾದ ಕಾವಲುಪಡೆ ತಲೆಕೆಟ್ಟು ನಮ್ಮದೇ ನರಗಳ ಮೇಲಿನ ಹೊದಿಕೆಯನ್ನು ಕಡಿಯುವ ರೋಗ ಇದು. ವೈರಿನ ಮೇಲಿನ ರಬ್ಬರನ್ನು ಇಲಿ ಕಡಿದರೆ ಏನಾಗುತ್ತದೋ ಅದೇ ಆಗುತ್ತದೆ. ಮೆದುಳು ಹೊರಡಿಸಿದ ಆಜ್ಞೆ ಕಾಲಿಗೆ ತಲುಪುವುದು, ಇಲಾಖೆಯ ಸುತ್ತೋಲೆ ನಮ್ಮ ಶಾಲೆಗೆ ತಲುಪಿದಂತೆ. ಒಮ್ಮೆ ತಡವಾಗಿ, ಒಮ್ಮೆ ಅರ್ಧ, ಒಮ್ಮೆ ಬರುವುದೇ ಇಲ್ಲ.

ನಾನು ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಮೊದಮೊದಲು ಎಡಗಾಲಿನ ಚಪ್ಪಲಿ ದಾರಿಯಲ್ಲೇ ಉಳಿದುಹೋಗುತ್ತಿತ್ತು, ನನಗೆ ಗೊತ್ತಾಗುತ್ತಿರಲಿಲ್ಲ. ಹಿಂದೆ ಬರುವವರು ತಂದುಕೊಡುತ್ತಿದ್ದರು. ಆಮೇಲೆ ಕೈಯಿಂದ ಸೀಮೆಸುಣ್ಣ ಜಾರತೊಡಗಿತು. ಒಂದು ದಿನ ಕರಿಹಲಗೆಯೇ ಎರಡಾಗಿ ಕಂಡಿತು. ದೊಡ್ಡ ಊರಿನ ನರದ ಡಾಕ್ಟರು ತಲೆಯ ಸ್ಕ್ಯಾನಿನಲ್ಲಿ ಬಿಳಿ ಚುಕ್ಕೆಗಳನ್ನು ತೋರಿಸಿ, ಇದು ಪೂರ್ತಿ ಹೋಗುವುದಿಲ್ಲ, ಹತೋಟಿಯಲ್ಲಿಡಬಹುದು, ಯಾಕೆ ಬಂತೆಂದು ಖಚಿತವಾಗಿ ಯಾರಿಗೂ ಗೊತ್ತಿಲ್ಲ ಎಂದರು. ವಿಜ್ಞಾನ ಕಲಿಸುವವನಾಗಿ ನಾನು ಆ ಉತ್ತರವನ್ನು ಗೌರವದಿಂದ ಒಪ್ಪಿಕೊಂಡೆ. ಊರು ಒಪ್ಪಲಿಲ್ಲ. ನಮ್ಮಲ್ಲಿ ಕಾರಣವಿಲ್ಲದೆ ರೋಗ ಬರುವುದೆಂದರೆ ಬೋರ್ಡಿಲ್ಲದೆ ಬಸ್ಸು ಬಂದ ಹಾಗೆ, ಹತ್ತುವುದಕ್ಕೆ ಯಾರಿಗೂ ಧೈರ್ಯ ಸಾಲುವುದಿಲ್ಲ. ಮಾತಾಡಿಸಲು ಬಂದವರೆಲ್ಲ ಬಾಳೆಹಣ್ಣಿನ ಜೊತೆಗೆ ಒಂದೊಂದು ಕಾರಣ ತಂದರು. ಓದಿದ್ದು ಜಾಸ್ತಿಯಾಯಿತು ಎಂದು ಒಬ್ಬರು, ತಲೆ ಒದ್ದೆಯಿದ್ದಾಗ ಫ್ಯಾನಿನ ಕೆಳಗೆ ಮಲಗಿದ್ದೇ ತಪ್ಪು ಎಂದು ಇನ್ನೊಬ್ಬರು. ಅವ್ವ ಮಾತ್ರ ಯಾವ ಕಾರಣವನ್ನೂ ಹೇಳಲಿಲ್ಲ. ಎಲ್ಲರ ಮಾತು ಮುಗಿಯುವ ತನಕ ಬಾಗಿಲಿಗೆ ಒರಗಿ ನಿಂತು ಕೇಳಿದಳು. ಮರುದಿನ ಕೈಚೀಲ ಹಿಡಿದು ಬಜಾರಕ್ಕೆ ಹೋಗಿ ಅಂಟು ತಂದಳು.

ಅಂಟೆಂದರೆ ಗಿಡದಿಂದ ಒಸರಿ ಒಣಗಿದ ಗೋಂದು. ಹಳದಿಗೂ ಕಂದಿಗೂ ನಡುವಿನ ಬಣ್ಣದ ಹರಳುಗಳು. ಅದನ್ನು ತುಪ್ಪದಲ್ಲಿ ಕರಿದು, ಒಣಕೊಬ್ಬರಿ, ಉತ್ತತ್ತಿ, ಬಾದಾಮಿ, ಗಸಗಸೆ ಸೇರಿಸಿ, ಬೆಲ್ಲದಲ್ಲಿ ಕಟ್ಟಿದರೆ ಅಂಟಿನುಂಡಿ. ಇದು ಬಾಣಂತಿಯರಿಗೆ ಮೀಸಲಾದ ತಿನಿಸು. ಹೆರಿಗೆಯಲ್ಲಿ ಸಡಿಲಾದ ಸೊಂಟ, ನರ ಎಲ್ಲ ಇದರಿಂದ ಬಿಗಿಯಾಗುತ್ತವೆ ಎಂದು ನಂಬಿಕೆ. ನನ್ನ ನರಗಳೂ ಸಡಿಲಾಗಿವೆ ಎಂದ ಮೇಲೆ ಔಷಧ ಬೇರೆ ಯಾಕಾಗಬೇಕು ಎಂಬುದು ಅವ್ವನ ಲೆಕ್ಕ. ನಡುವಯಸ್ಸಿನ, ಮೀಸೆ ಹೊತ್ತ, ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪಾಠ ಹೇಳುವ ಮಗನಿಗೆ ಅವ್ವ ಬಾಣಂತನ ಶುರು ಮಾಡಿದಳು.

ಇಲ್ಲೊಂದು ಹಳೆಯ ಮಾತು ಹೇಳಬೇಕು. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಈಗ ಸಿಂದಗಿಯಲ್ಲಿರುವ ನನ್ನ ಅಕ್ಕನ ಬಾಣಂತನ ನಮ್ಮ ಮನೆಯಲ್ಲಾಯಿತು. ಒಳಕೋಣೆಯಲ್ಲಿ ಅರ್ಧ ಕತ್ತಲೆ, ಲೋಬಾನದ ಹೊಗೆ, ಬೆಳ್ಳುಳ್ಳಿ ಸಿಪ್ಪೆ ಸುಟ್ಟ ವಾಸನೆ. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ. ಅಕ್ಕ ತಲೆಗೆ ಅರಿವೆ ಸುತ್ತಿಕೊಂಡು ಮಹಾರಾಣಿಯ ಹಾಗೆ ಮಲಗಿರುತ್ತಿದ್ದಳು. ಅವಳಿಗೆ ಸಾಲಿಯಿಲ್ಲ, ನೀರು ತರುವುದಿಲ್ಲ, ಬೈಯುವವರಿಲ್ಲ. ಮೇಲಾಗಿ ಗೂಡಿನಲ್ಲಿ ಉಂಡಿಯ ಡಬ್ಬಿ. ಅವ್ವ ಅಡುಗೆಮನೆಯಲ್ಲಿ ಅಂಟು ಕರಿಯುವಾಗ ಹರಳುಗಳು ಪಟಪಟ ಸಿಡಿದು ಅರಳುತ್ತಿದ್ದವು. ಬಾಣಲೆಯಿಂದ ಹಾರಿಬಿದ್ದದ್ದು ಮಾತ್ರ ನನ್ನ ಪಾಲು. ಒಂದು ದಿನ ಸಾಲಿಯಲ್ಲಿ ಮಾಸ್ತರರು ದೊಡ್ಡವರಾದ ಮೇಲೆ ಏನಾಗುತ್ತೀರಿ ಎಂದು ಎಲ್ಲರನ್ನೂ ಕೇಳುತ್ತ ಬಂದರು. ಒಬ್ಬ ಫೌಜುದಾರ ಅಂದ, ಒಬ್ಬ ಕಂಡಕ್ಟರ್ ಅಂದ. ನಾನು ಎದ್ದುನಿಂತು ಬಾಣಂತಿ ಆಗುತ್ತೇನೆ ಎಂದೆ. ಮಾಸ್ತರರು ನಕ್ಕು ನಕ್ಕು ಕಣ್ಣೊರೆಸಿಕೊಂಡು, ಪಕ್ಕದ ವರ್ಗದ ಮಾಸ್ತರರನ್ನೂ ಕರೆದು ನನ್ನಿಂದ ಇನ್ನೊಮ್ಮೆ ಹೇಳಿಸಿದರು. ಅವತ್ತು ಯಾವ ದೇವರು ಆ ದಾರಿಯಲ್ಲಿ ಹೊರಟಿದ್ದನೋ, ತಥಾಸ್ತು ಎಂದುಬಿಟ್ಟಿರಬೇಕು.

ಬಾಣಂತಿಯಾಗುವುದು ನಾನು ತಿಳಿದಷ್ಟು ಸುಖದ್ದಾಗಿರಲಿಲ್ಲ. ನನ್ನ ರೋಗಕ್ಕೆ ಬಿಸಿಲು, ಕಾವು ಆಗದು. ಮೈ ಬಿಸಿಯಾದರೆ ಕಾಲು ಇನ್ನಷ್ಟು ಸೋಲುತ್ತದೆ, ತಂಪಾದರೆ ತಿರುಗಿ ಬರುತ್ತದೆ. ಇಂಥ ರೋಗ ಹಿಡಿದವನು ನಮ್ಮ ಜಿಲ್ಲೆಯಲ್ಲಿ ಹುಟ್ಟಬಾರದು. ಹುಟ್ಟಿದರೂ ನಮ್ಮ ಅವ್ವನ ಹೊಟ್ಟೆಯಲ್ಲಿ ಹುಟ್ಟಬಾರದು. ಅವಳು ಮೊದಲನೆಯ ವಾರವೇ ನನ್ನ ತಲೆಗೆ ಮಫ್ಲರ್ ಕಟ್ಟಿ, ಕಿವಿಗೆ ಹತ್ತಿ ತುರುಕಿ, ಮಂಚದ ಕೆಳಗೆ ಅಗ್ಗಿಷ್ಟಿಗೆ ಇಟ್ಟಳು. ಸ್ವಲ್ಪ ಹೊತ್ತಿಗೆ ನನ್ನ ಕಾಲು ಮಂಚಕ್ಕೆ ಅಂಟಿಕೊಂಡಂತಾಯಿತು, ಎತ್ತಲು ಬರಲಿಲ್ಲ. ನೋಡಿದೆಯಾ, ಮೈಯಲ್ಲಿ ಇನ್ನೂ ಥಂಡಿ ಉಳಿದಿದೆ ಎಂದು ಅವ್ವ ಎರಡು ಕೆಂಡ ಹೆಚ್ಚಿಗೆ ಹಾಕಿದಳು. ನೀಲಮ್ಮ ಓಡಿಬಂದು ಹಸಿ ಟಾವೆಲ್ ಹೊದಿಸದಿದ್ದರೆ ನಾನು ಅವತ್ತು ಹುರಿದ ಶೇಂಗಾ ಆಗುತ್ತಿದ್ದೆ. ಬಹಳ ವಾದವಾದ ಮೇಲೆ ಅತ್ತೆ ಸೊಸೆಯರ ನಡುವೆ ಒಂದು ಒಪ್ಪಂದವಾಯಿತು. ಅಗ್ಗಿಷ್ಟಿಗೆ ಬಂದ್, ಮಫ್ಲರ್ ಬಂದ್, ಉಂಡಿ ಚಾಲೂ.

ಉಂಡಿ ನಾನು ಕಷ್ಟಪಟ್ಟು ನುಂಗಿದೆನೆಂದು ತಿಳಿಯಬೇಡಿ. ಬಾಲ್ಯದ ಹಸಿವು ಅದು, ಸುಲಭಕ್ಕೆ ತೀರುವುದಲ್ಲ. ದಿನಾ ಮುಂಜಾನೆ ಹಾಲಿನ ಜೊತೆ ಒಂದು ಉಂಡಿ, ಸಾಲಿಯಿಂದ ಬಂದ ಮೇಲೆ ಇನ್ನೊಂದು. ಅವ್ವ ಎದುರಿಗೆ ಕೂತು ನಾನು ಕೊನೆಯ ತುಣುಕು ಬಾಯಿಗೆ ಹಾಕುವ ತನಕ ಏಳುತ್ತಿರಲಿಲ್ಲ. ಆಮೇಲೆ ನನ್ನ ಕಾಲಿನ ಕಡೆ ನೋಡುತ್ತಿದ್ದಳು, ಈಗಲೇ ಏನಾದರೂ ಫರಕು ಕಾಣುತ್ತದೋ ಎಂಬ ಹಾಗೆ. ನಡುವೆ ಗುಳಿಗೆಯಿಂದಲೋ ರೋಗದ ಸ್ವಭಾವದಿಂದಲೋ ನಾನು ಊರುಗೋಲು ಬಿಟ್ಟು ನಡೆದ ದಿನಗಳೂ ಬಂದವು. ಆ ಕೀರ್ತಿ ಯಾರಿಗೆ ಹೋಯಿತೆಂದು ಬೇರೆ ಹೇಳಬೇಕಿಲ್ಲ. ಓಣಿಯ ಹೆಂಗಸರೆಲ್ಲ ಬಂದು ಅವ್ವನಿಂದ ಉಂಡಿಯ ಹದ ಕೇಳಿಕೊಂಡು ಹೋದರು.

ಹೀಗಿರುವಾಗ ಬಲಪಕ್ಕೆಯ ಕೆಳಗೆ ಒಂದು ಹೊಸ ನೋವು ಶುರುವಾಯಿತು. ಉಂಡು ಸ್ವಲ್ಪ ಹೊತ್ತಿಗೆ ಯಾರೋ ಬೆಲ್ಟು ಕಟ್ಟಿ ಬಿಗಿದ ಹಾಗೆ. ಬಹಳ ದಿನ ಒಂದೇ ರೋಗ ಸಾಕಿದ ಮನುಷ್ಯ ಆ ರೋಗದ ಪಂಡಿತನಾಗಿಬಿಡುತ್ತಾನೆ. ಎಂ.ಎಸ್. ಇದ್ದವರಿಗೆ ಎದೆಯ ಸುತ್ತ ಪಟ್ಟಿ ಬಿಗಿದಂಥ ನೋವು ಬರುವುದುಂಟು ಎಂದು ನಾನು ಓದಿದ್ದೆ. ಆದ್ದರಿಂದ ಇದೂ ಅದೇ ಎಂದು ತೀರ್ಪು ಕೊಟ್ಟೆ. ಒಮ್ಮೆ ತೋರಿಸಿಕೊಂಡು ಬರೋಣ ಎಂದ ನೀಲಮ್ಮನಿಗೆ ನರಮಂಡಲದ ಮೇಲೆ ಒಂದು ಪಿರಿಯಡ್ ಪಾಠ ಮಾಡಿದೆ. ನಮ್ಮ ಮನೆಯಲ್ಲಿ ಹಳೆಯ ರೋಗದ ಸ್ಥಿತಿ ಊರಿನ ಹಳೆಯ ಕಳ್ಳನ ಹಾಗಾಗಿತ್ತು. ಯಾರ ಮನೆಯಲ್ಲಿ ಏನು ಕಳುವಾದರೂ ಪೊಲೀಸರು ಮೊದಲು ಅವನನ್ನೇ ಹಿಡಿದು ತರುತ್ತಾರಲ್ಲ, ಹಾಗೆ. ಕೆಮ್ಮಿದರೂ ಅದೇ, ಕೂದಲು ಉದುರಿದರೂ ಅದೇ. ಹೊಸ ಕಳ್ಳ ಇದನ್ನೆಲ್ಲ ನೋಡುತ್ತ ಒಳಗೆ ಆರಾಮಾಗಿ ಸಂಸಾರ ಹೂಡಿದ.

ಬಸವನ ಬಾಗೇವಾಡಿಯಲ್ಲಿ ಒಂದು ಮದುವೆಗೆ ಹೋಗಿದ್ದೆವು. ಎಣ್ಣೆ ತೇಲುವ ಬದನೆಕಾಯಿ ಪಲ್ಯ, ಶೇಂಗಾ ಹೋಳಿಗೆ, ಅದರ ಮೇಲೆ ತುಪ್ಪ. ಉಂಡು ಎದ್ದವನು ಮಂಟಪದ ಜಮಖಾನೆಯ ಮೇಲೆ ಅಡ್ಡಬಿದ್ದೆ. ಬೀಗರೆಲ್ಲ ಸುತ್ತ ನೆರೆದರು. ಮಾಸ್ತರರಿಗೆ ನರದ ರೋಗವಿದೆ ಎಂಬುದು ಎಲ್ಲರಿಗೂ ಗೊತ್ತು. ನರಕ್ಕೆ ಜೋರು ಬರಲಿ ಎಂದು ಪುಣ್ಯಾತ್ಮರೊಬ್ಬರು ಇನ್ನೊಂದು ವಾಟಗ ತುಪ್ಪವನ್ನು ಬಿಸಿ ಹಾಲಿನಲ್ಲಿ ಹಾಕಿ ಕುಡಿಸಿದರು. ಆಮೇಲೆ ಜಮಖಾನೆ ತೊಳೆಯಬೇಕಾಯಿತು. ಮದುಮಗನ ತಂದೆ ಅದಕ್ಕೆ ಏನೂ ಅನ್ನಲಿಲ್ಲ, ದೊಡ್ಡ ಮನಸ್ಸು ಅವರದು.

ಸತ್ಯ ಹೊಳೆದದ್ದು ಕೊನೆಗೆ ಸಾಲಿಯಲ್ಲಿ. ಹತ್ತನೆಯ ವರ್ಗದಲ್ಲಿ ಜೀರ್ಣಾಂಗದ ಚಾರ್ಟ್ ತೂಗುಹಾಕಿ, ಯಕೃತ್ತಿನ ಕೆಳಗೆ ಹಸಿರು ಚೀಲದ ಹಾಗಿರುವ ಪಿತ್ತಕೋಶದ ಮೇಲೆ ಕೋಲಿಟ್ಟು ಹೇಳುತ್ತಿದ್ದೆ. ಇಲ್ಲಿ ಪಿತ್ತರಸ ಶೇಖರವಾಗಿರುತ್ತದೆ, ನಾವು ಎಣ್ಣೆ ತುಪ್ಪ ತಿಂದಾಗ ಈ ಚೀಲ ಹಿಂಡಿಕೊಂಡು ರಸ ಹೊರಗೆ ಬಿಡುತ್ತದೆ. ವರ್ಷಾನುಗಟ್ಟಲೆ ಹೇಳಿದ ಮಾತು. ಅವತ್ತು ಮೊದಲ ಸಲ ನನ್ನ ಪಾಠ ನನ್ನ ಕಿವಿಗೇ ಬಿತ್ತು. ಕೋಲು ಚಾರ್ಟಿನ ಮೇಲೆ ಎಲ್ಲಿತ್ತೋ ನನ್ನ ಎಡಗೈ ನನ್ನ ಹೊಟ್ಟೆಯ ಮೇಲೆ ಅಲ್ಲೇ ಇತ್ತು.

ಸ್ಕ್ಯಾನಿನಲ್ಲಿ ಚೀಲದ ತುಂಬ ಕಲ್ಲು. ಡಾಕ್ಟರು ಆಪರೇಷನ್ ಆಗಬೇಕು, ಅಲ್ಲಿಯವರೆಗೆ ಎಣ್ಣೆ, ತುಪ್ಪ, ಕೊಬ್ಬರಿ, ಶೇಂಗಾ ಮುಟ್ಟಬೇಡಿ ಎಂದರು. ನಮ್ಮ ಊಟದಿಂದ ಇವನ್ನು ತೆಗೆದರೆ ಉಳಿಯುವುದು ರೊಟ್ಟಿ ಮತ್ತು ತಾಟು. ಸರಿ, ಹೊಟ್ಟೆಗೆ ವಿಶ್ರಾಂತಿ ಕೊಡೋಣ ಎಂದು ಒಂದು ಹೊತ್ತು ಉಪವಾಸ ಮಾಡಿದರೆ ಕಾಲು ನಡುಗಿತು. ಫೋನಿನಲ್ಲಿ ನರದ ಡಾಕ್ಟರು ಹಸಿದಿರಬೇಡಿ, ನಿಶ್ಶಕ್ತಿ ನಿಮಗೆ ಆಗದು ಎಂದು ಗದರಿದರು. ಹೊಟ್ಟೆಯ ಡಾಕ್ಟರು ತಿನ್ನಬೇಡ ಅನ್ನುವವರು, ನರದ ಡಾಕ್ಟರು ತಿನ್ನು ಅನ್ನುವವರು. ಇಬ್ಬರು ಹೆಂಡಿರ ಗಂಡನ ಹಾಗೆ ನಾನು ನಡುವೆ ಕೂತು, ತಾಸಿಗೊಮ್ಮೆ ಒಣರೊಟ್ಟಿಯ ಚೂರನ್ನು ತಿಳಿಸಾರಿನಲ್ಲಿ ಅದ್ದಿ ತಿನ್ನುತ್ತಿದ್ದೆ.

ಕಲ್ಲು ಯಾಕಾದವು ಎಂದು ಕೇಳಿದ್ದಕ್ಕೆ ಡಾಕ್ಟರು ಹಲವು ಕಾರಣ ಹೇಳಿದ್ದರು. ಮೈಯ ಗುಣ ಇರಬಹುದು, ಓಡಾಟ ಕಡಿಮೆಯಾದದ್ದಿರಬಹುದು, ತೂಕ ಏರಿದ್ದಿರಬಹುದು, ತುಪ್ಪ ಒಂದರ ಮೇಲೆಯೇ ಹಾಕಲು ಬರುವುದಿಲ್ಲ. ಆದರೆ ಇಷ್ಟು ಸೂಕ್ಷ್ಮ ಅವ್ವನ ಮುಂದೆ ನಿಲ್ಲುವುದಿಲ್ಲ. ತುಪ್ಪ ಬಿಡು ಎಂದರೆ ಉಂಡಿ ಬಿಡು ಎಂದಂತೆ. ಉಂಡಿ ಬಿಡು ಎಂದರೆ ಇಷ್ಟು ವರ್ಷ ನೀನು ಮಾಡಿದ್ದು ತಪ್ಪು ಎಂದಂತೆ. ಬಸ್ಸಿನಲ್ಲಿ ತಿರುಗಿ ಬರುವಾಗಲೇ ನೀಲಮ್ಮ ಅದನ್ನು ನನಗೆ ತಿಳಿಸಿ ಹೇಳಿದಳು.

“ಅತ್ತಿಯವರಿಗೆ ಕಲ್ಲಂತ ಅಷ್ಟ ಹೇಳೂಣ್ರಿ. ಉಂಡಿ ಮಾತ ಎತ್ತಬ್ಯಾಡ್ರಿ. ಅವರು ನಿಮ್ಮ ಸಲುವಾಗಿ ಮಾಡೂದು ಅದೊಂದ ಐತಿ. ಅದನ್ನೂ ಕಸಗೊಂಡ್ರ ಅವರ ಗತಿ ಏನು?”

ಹಾಗಾಗಿ ಉಂಡಿಯ ಕಳ್ಳಸಾಗಣೆ ಆರಂಭವಾಯಿತು. ಮುಂಜಾನೆಯದನ್ನು ಸಾಲಿಯಲ್ಲೇ ತಿನ್ನುತ್ತೇನೆ ಎಂದು ಡಬ್ಬಿಗೆ ಹಾಕಿಸಿಕೊಂಡೆ, ಸಂಜೆಯದನ್ನು ಅವ್ವ ನೀರಿಗೆ ಎದ್ದಾಗ ಕಿಸೆಗೆ ಸೇರಿಸಿದೆ. ಸ್ಟಾಫ್ ರೂಮಿನಲ್ಲಿ ಹಂಚಿದೆ. ನಮ್ಮ ಪಿ.ಟಿ. ಮಾಸ್ತರರ ಹೊಟ್ಟೆ ಕಣ್ಣೆದುರೇ ಬೆಳೆಯಿತು. ಕೊಬ್ಬರಿ ಕಂಡರಾಗದ ಹೆಡ್ ಮಾಸ್ತರರು ಕೂಡ ಒಂದು ದಿನ ಡಬ್ಬಿ ತರದಿದ್ದಾಗ ಗೈರುಹಾಜರಿಗೆ ಕಾರಣ ಕೇಳುವ ದನಿಯಲ್ಲೇ ವಿಚಾರಿಸಿದರು.

ಇತ್ತ ನನಗೆ ಕಲ್ಲಾಗಿದೆ ಎಂಬ ಸುದ್ದಿ ಓಣಿಯಲ್ಲಿ ಹಬ್ಬಿತು. ನೋಡಿ, ಅಲ್ಲಿಯವರೆಗೆ ನನ್ನ ರೋಗದ ಹೆಸರನ್ನು ಹೇಳಲು ಬಾರದೆ ದೂರ ನಿಂತಿದ್ದ ಜನ ಈಗ ತವರಿನವರು ಸಿಕ್ಕಂತೆ ಓಡಿಬಂದರು. ಕಲ್ಲೆಂದರೆ ಅವರ ಸ್ವಂತ ವಿಷಯ. ಒಬ್ಬರು ಹುರಳಿ ಕಟ್ಟು ತಂದರು, ಒಬ್ಬರು ಬಾಳೆದಿಂಡಿನ ರಸ. ಇಂಡಿಯಿಂದ ನನ್ನ ಮಾವ ಒಂದು ಚೀಲ ನಿಂಬೆಹಣ್ಣು ಕಳಿಸಿ, ಎಲ್ಲವನ್ನೂ ಹಿಂಡಿ ಕುಡಿದರೆ ಕಲ್ಲು ಕರಗಿ ಮೂತ್ರದಲ್ಲಿ ಹೋಗುತ್ತದೆ ಎಂದು ಫೋನು ಮಾಡಿದರು. ಅವರದು ನಿಂಬೆತೋಟ. ಬೀಗರೊಬ್ಬರ ಸಕ್ಕರೆ ಕಾಯಿಲೆಗೂ ಅವರು ಅದನ್ನೇ ಕಳಿಸಿದ್ದರು. ಇವೆಲ್ಲ ಮೂತ್ರಪಿಂಡದ ಕಲ್ಲಿನ ಔಷಧಗಳು. ಪಿತ್ತಕೋಶದ ಕಲ್ಲು ಬೇರೆ, ಅದು ಮೂತ್ರದಲ್ಲಿ ಹೋಗುವುದಿಲ್ಲ ಎಂದು ನಾನು ಬಂದವರಿಗೆಲ್ಲ ಹೇಳಿದೆ. ಹೇಳಿ ಹೇಳಿ ಸಾಕಾಗಿ, ಒಂದು ದಿನ ಲಾಲೇಸಾಬ ಕಾಕಾ ಬಂದಾಗ ಫರಸಿಯ ಮೇಲೆ ಸೀಮೆಸುಣ್ಣದಿಂದ ಚಿತ್ರವನ್ನೇ ಬರೆದು ತೋರಿಸಿದೆ. ಇದು ಮೂತ್ರಪಿಂಡ, ಇದು ಪಿತ್ತಕೋಶ. ಎರಡೂ ಬೇರೆ ಮನೆ, ಬೇರೆ ಓಣಿ, ಒಂದಕ್ಕೊಂದು ಬಳಕೆಯಿಲ್ಲ. ನಿಮ್ಮ ಕಲ್ಲಿಗೂ ನನ್ನ ಕಲ್ಲಿಗೂ ಸಂಬಂಧವಿಲ್ಲ. ನೀವು ಅನ್ನುವ ಹಾಗೆ ಬೋರಿನ ನೀರಿನಿಂದ ನನಗೆ ಕಲ್ಲಾಗಿಲ್ಲ. ಕಾಕಾ ಬಗ್ಗಿ ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಮನಿ ಬ್ಯಾರೆ ಇರಬಹುದ್ರಿ ಮಾಸ್ತರ್ರ. ನೀರು ಒಂದ ನಳದ್ದ ಅಲ್ರೀ?”

ಇದಕ್ಕೆ ಯಾವ ಪಠ್ಯಪುಸ್ತಕದಲ್ಲಿ ಉತ್ತರವಿದೆ ಹೇಳಿ. ನಾನು ಚಿತ್ರ ಒರೆಸಿ ಚಹ ಹೇಳಿದೆ.

ಆಪರೇಷನ್ ವಿಜಯಪುರದಲ್ಲಾಯಿತು. ಅಲ್ಲಿನ ಸರ್ಜನ್ನರ ಬಾಗಿಲ ಫಲಕದಲ್ಲಿ ಹೆಸರಿನ ಮುಂದೆ ಪದವಿಯಾಗಿ ಎಂ.ಎಸ್. ಎಂದಿತ್ತು. ನನಗೆ ನರಗಳಲ್ಲಿರುವುದು ಅವರಿಗೆ ಬೋರ್ಡಿನ ಮೇಲಿದೆಯಲ್ಲ ಎಂದು ನಗು ಬಂತು. ಆ ನಗು ಭಯದ್ದು. ಹೊಟ್ಟೆ ಕೊಯ್ಯುವ ಭಯ ನನಗಿರಲಿಲ್ಲ. ಜ್ವರ ಬಂದು, ಮೈ ಬಿಸಿಯಾಗಿ, ಇರುವಷ್ಟು ಕಾಲೂ ಹೋದರೆ ಎಂಬ ಭಯವಿತ್ತು. ಇಷ್ಟು ವರ್ಷ ಕೋಲೂರಿಯಾದರೂ ಸಾಲಿಗೆ ನಾನೇ ನಡೆದು ಹೋಗಿದ್ದೇನೆ. ಒಳಗೆ ಕರೆದೊಯ್ಯುವಾಗ ಸರ್ಜನ್ನರು ನಿಮ್ಮ ನರದ ಡಾಕ್ಟರ ಜೊತೆ ಮಾತಾಡಿದ್ದೇನೆ, ಹೆದರಬೇಡಿ ಎಂದು ಭುಜ ತಟ್ಟಿದರು. ನಾನು ಹೆದರಿದ ಹಾಗೆಯೇ ಎರಡು ದಿನ ಸಣ್ಣ ಜ್ವರ ಬಂತು, ಎಡಗಾಲು ಮುಷ್ಕರ ಹೂಡಿತು, ಆಮೇಲೆ ಕೆಲಸಕ್ಕೆ ಹಾಜರಾಯಿತು.

ಹೊರಗೆ ನಡೆದದ್ದನ್ನು ನಾನು ಆಮೇಲೆ ತಿಳಿದೆ. ನೀಲಮ್ಮ ಔಷಧ ತರಲು ಕೆಳಗೆ ಹೋಗಿದ್ದಳು. ಅವ್ವ ಒಬ್ಬಳೇ ಬೆಂಚಿನ ಮೇಲೆ ಕೂತಿದ್ದಳು. ನರ್ಸ್ ಹೊರಗೆ ಬಂದು, ನಿಮ್ಮ ಮಗನ ಕಲ್ಲು ನೋಡಿರಿ ಅಮ್ಮಾ ಎಂದು ಬಾಟಲಿಯನ್ನು ಅವಳ ಕೈಗಿಟ್ಟಳು. ಇನ್ನು ಮುಂದೆ ತುಪ್ಪ, ಕೊಬ್ಬರಿ ಜಾಸ್ತಿ ಕೊಡಬೇಡಿ ಎಂದೂ ಹೇಳಿದಳು. ಪಾಪ, ಅವಳ ಕೆಲಸ ಅವಳು ಮಾಡಿದಳು. ಅವ್ವ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಜೀವಮಾನವಿಡೀ ಬಜಾರದಲ್ಲಿ ಅಂಟನ್ನು ಅಂಗೈಯಲ್ಲಿ ಹರಡಿ, ಕಸಕಡ್ಡಿ ಆರಿಸಿ ಕೊಂಡವಳು ಅವಳು. ಬಾಟಲಿಯೊಳಗಿದ್ದವು ಹಳದಿಗೂ ಕಂದಿಗೂ ನಡುವಿನ ಬಣ್ಣದ ಹರಳುಗಳು. ನೀಲಮ್ಮ ತಿರುಗಿ ಬಂದಾಗ ಅವ್ವ ಒಂದೇ ಮಾತು ಅಂದಳಂತೆ, ಇದು ನನ್ನ ಅಂಟು.

ಮನೆಗೆ ಬಂದ ಮೇಲೆ ಅವ್ವ ಉಂಡಿಯ ಡಬ್ಬಿಯನ್ನು ತೊಳೆದು ಬೋರಲು ಹಾಕಿದಳು. ಅಡುಗೆಮನೆಯ ಕಡೆ ಹೋಗುವುದನ್ನೇ ಬಿಟ್ಟಳು. ನನ್ನ ಎದುರಿಗೆ ಕೂತು ನಾನು ಉಣ್ಣುವುದನ್ನು ನೋಡುವವಳು ಈಗ ನನ್ನ ತಾಟು ಬಂದೊಡನೆ ಎದ್ದು ಹೊರಗಿನ ಕಟ್ಟೆಗೆ ಹೋಗುತ್ತಿದ್ದಳು. ಅವಳ ಊಟ ಅರ್ಧ ರೊಟ್ಟಿಗೆ ಇಳಿಯಿತು, ಅದೂ ನೀಲಮ್ಮನ ಒತ್ತಾಯಕ್ಕೆ. ನನಗೆ ಸಿಟ್ಟು ಬಂತು, ದುಃಖವೂ ಬಂತು. ಡಾಕ್ಟರು ಹೇಳಿದ ಕಾರಣಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ಹೇಳಿದೆ. ಮೈಯ ಗುಣ, ಓಡಾಟ, ತೂಕ. ಮುದುಕಿ ನೊಂದಾಳೆಂದು ಡಾಕ್ಟರು ಹಾಗೆ ಅಂದಿರಬೇಕು ಎಂದಳು. ನಾನು ಚಾರ್ಟ್ ತಂದು ತೋರಿಸಿದೆ. ಚಾರ್ಟಿನಲ್ಲಿ ಪಿತ್ತಕೋಶದ ಪಕ್ಕದಲ್ಲಿ ತುಪ್ಪ ಕೊಬ್ಬು ಎಂದು ನಾನೇ ಮಕ್ಕಳಿಗಾಗಿ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಅದನ್ನು ಅವಳು ಕೂಡಿಸಿ ಕೂಡಿಸಿ ಓದಿದಳು. ವಿಜ್ಞಾನ ನನ್ನ ಕೈ ಬಿಟ್ಟಿತು.

ಆಮೇಲೆ ಅವಳೇ ಮಾತಾಡಿದಳು. ನನ್ನ ಕಡೆ ನೋಡಲಿಲ್ಲ, ನೆಲದ ಫರಸಿಯ ಸಂದಿಯಲ್ಲಿ ಬೆರಳಾಡಿಸುತ್ತ ಹೇಳಿದಳು.

“ನಿನ್ನ ಹಡದಾಗ ನನಗ ಉಂಡಿ ಕಟ್ಟಿಕೊಡಾಕ ಯಾರೂ ಇರಲಿಲ್ಲ. ನಮ್ಮವ್ವ ಆಗಲೇ ಸತ್ತಿದ್ಲು. ಹನ್ನೆರಡು ದಿನಕ್ಕ ಎದ್ದು ರೊಟ್ಟಿ ಬಡದೆ. ಹಾಲು ತೆಳ್ಳಗ ಬಂತು, ಅದನ್ನ ಕುಡದು ನಿನ್ನ ನರ ಸಣ್ಣಾದವು. ಅದನ್ನ ತುಂಬಬೇಕಂತ ಇಷ್ಟ ವರ್ಷ ಉಂಡಿ ಮಾಡಿದೆ. ಅದೂ ಕಲ್ಲಾತು. ಎರಡೂ ನನ್ನ ಕೈಲೇ ಆತು ನೋಡು.”

ನನ್ನ ರೋಗದ ಕಾರಣ ಯಾರಿಗೂ ಗೊತ್ತಿಲ್ಲ ಎಂದು ಡಾಕ್ಟರು ಅಂದದ್ದನ್ನು ನಾನು ಎಷ್ಟು ಹೆಮ್ಮೆಯಿಂದ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಎಲ್ಲರೂ ಆ ಖಾಲಿ ಜಾಗದಲ್ಲಿ ತಮಗೆ ತೋಚಿದ್ದನ್ನು ತುಂಬಿದ್ದರು. ಅವ್ವ ಅಲ್ಲಿ ತನ್ನನ್ನೇ ಇಟ್ಟುಕೊಂಡಿದ್ದಳು. ನಾನು ನಗುತ್ತ ನಗುತ್ತ ತಿಂದ ಒಂದೊಂದು ಉಂಡಿಯ ಹಿಂದೆ ಇದಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಹಾಗಲ್ಲ ಅವ್ವಾ ಎಂದೆ.

ಅಷ್ಟರಲ್ಲಿ ಹೊರಗೆ ಕೆಮ್ಮು ಕೇಳಿಸಿತು. ಲಾಲೇಸಾಬ ಕಾಕಾ. ಆಪರೇಷನ್ ಆದವನನ್ನು ಮಾತಾಡಿಸಲು ಬಂದಿದ್ದರು. ಕೂತವರೇ ನನ್ನ ಬಾಟಲಿ ಕೇಳಿ ಇಸಿದುಕೊಂಡು, ಕಿಸೆಯಿಂದ ತಮ್ಮ ಸೀಸೆ ತೆಗೆದು, ಎರಡನ್ನೂ ನೆಲದ ಮೇಲೆ ಜೋಡಿಸಿ ಇಟ್ಟರು. ಅವರ ಕಲ್ಲು ಮುಳ್ಳುಮುಳ್ಳಾಗಿ ಕಪ್ಪಗಿದೆ, ನನ್ನವು ನುಣ್ಣಗೆ ಹೊಳೆಯುತ್ತವೆ. ಕುರುಡನೂ ಬೇರೆ ಬೇರೆ ಎಂದು ಹೇಳಬೇಕು. ಕಾಕಾ ಮಾತ್ರ ತೃಪ್ತಿಯಿಂದ ತಲೆಯಾಡಿಸಿದರು.

“ನಾ ಹೇಳಿದ್ದಿಲ್ಲೇನ್ರಿ ಮಾಸ್ತರ್ರ? ಎಲ್ಲಾ ಈ ಬೋರಿನ ನೀರಿಂದು.”

ಹೇಳಿ, ಎಂದಿನಂತೆ ನಾನು ವಾದಕ್ಕಿಳಿಯುವುದನ್ನು ಕಾಯುತ್ತ ನನ್ನ ಕಡೆ ನೋಡಿದರು. ಅವ್ವ ತಲೆಯೆತ್ತಿದಳು.

“ಖರೇ ಏನೋ? ನೀ ಸಾಲ್ಯಾಗ ಇದನ್ನ ಕಲಸಾಂವ. ನನ್ನ ಮುಂದ ಖರೇ ಹೇಳು.”

ಫರಸಿಯ ಮೇಲೆ ನಾನು ಬರೆದ ಚಿತ್ರದ ಬಿಳಿ ಗುರುತು ಸಂದಿಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಎರಡು ಮನೆ, ಎರಡು ಓಣಿ.

“ಖರೇನ ಅವ್ವಾ,” ಎಂದೆ. “ಕಲ್ಲು ನೀರಿಂದನ ಆದವು. ಕಾಕಾ ಹೇಳಿದ್ದ ಬರೋಬರಿ ಐತಿ.”

ಲಾಲೇಸಾಬ ಕಾಕಾ ನನ್ನನ್ನೊಮ್ಮೆ, ಅವ್ವನನ್ನೊಮ್ಮೆ ನೋಡಿದರು. ನನ್ನ ಪರೀಕ್ಷೆಯಲ್ಲಿ ಅವರು ಪಾಸಾದದ್ದು ಅದೇ ಮೊದಲು. ಖುಷಿಪಡಬೇಕಾದವರು ತಮ್ಮ ಸೀಸೆಯನ್ನು ಮೆಲ್ಲಗೆ ಕಿಸೆಗೆ ಹಾಕಿಕೊಂಡರು. ವ್ಯಾಪಾರದಲ್ಲಿ ಮುಖ ಓದಿ ಪಳಗಿದ ಮನುಷ್ಯ.

ಅವ್ವ ಬಾಟಲಿಯನ್ನು ಕೈಗೆತ್ತಿಕೊಂಡಳು. ಆಮೇಲೆ ನನ್ನ ಎಡಗಾಲಿನ ಕಡೆ ನೋಡಿದಳು.

“ಮತ್ತ ಕಾಲು?”

ಇದನ್ನು ಅವಳು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ.

“ಅದೂ ನೀರಿಂದನ ಅವ್ವಾ.”

ಅವ್ವ ಎದ್ದು ಬಾಟಲಿಯನ್ನು ಸೆರಗಿನಿಂದ ಒರೆಸಿ ಶೋಕೇಸಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. ಹೊರಗೆ ಹೋಗಿ ನಳದ ಮುಂದೆ ನಿಂತು ಅದಕ್ಕೆ, ಅದನ್ನು ಹಾಕಿದವರಿಗೆ, ಅವರ ಮೂರು ತಲೆಮಾರಿಗೆ ಕೇಳಿಸುವಂತೆ ಬೈದಳು. ಬೈದು ಮುಗಿಸಿ ನಳದ ಬಾಯಿಗೆ ಹಳೆಯ ಧೋತರದ ಅರಿವೆಯನ್ನು ಮಡಚಿ ಕಟ್ಟಿದಳು. ಅವತ್ತು ಸಂಜೆ ನಾನು ತಿಳಿಸಾರು, ಒಣರೊಟ್ಟಿ ಮುಂದಿಟ್ಟುಕೊಂಡು ಕೂತಾಗ ಅವಳು ಎದ್ದು ಹೋಗಲಿಲ್ಲ. ಎದುರಿಗೇ ಕೂತು ಎರಡು ರೊಟ್ಟಿ ಉಂಡಳು.